ಮರಕ್ಕೆ ಬಣ್ಣ ಹಿಡಿಸುವ ಬಗೆ: ಚನ್ನಪಟ್ಟಣದ ಅರಗು ಮತ್ತು ಲೇಸರ್ ಕೆತ್ತನೆ

ಚನ್ನಪಟ್ಟಣದ ಒಂದು ಬುಗುರಿಯನ್ನೋ ಗಿಲಕಿಯನ್ನೋ ಕೈಗೆ ತೆಗೆದುಕೊಳ್ಳಿ. ಉಗುರಿನಿಂದ ಮೆಲ್ಲನೆ ಕೆರೆದು ನೋಡಿ, ಬಣ್ಣ ಏಳುವುದಿಲ್ಲ. ಎಲ್ಲಿ ಹುಡುಕಿದರೂ ಬ್ರಷ್ಷಿನ ಗುರುತು ಸಿಗುವುದಿಲ್ಲ. ಈಗ ಪೇಟೆಯಲ್ಲಿ ಲೇಸರ್ ಯಂತ್ರದಿಂದ ಹೆಸರು ಕೊರೆದುಕೊಡುವ ಮರದ ಕೀ ಚೈನ್ ಒಂದನ್ನು ಪಕ್ಕಕ್ಕಿಟ್ಟುಕೊಳ್ಳಿ. ಅಕ್ಷರಗಳಿಗೆ ಕೆಂಪು ಅಥವಾ ನೀಲಿ ಬಣ್ಣ ತುಂಬಿದ್ದರೆ ಅವುಗಳ ಅಂಚನ್ನು ಗಮನಿಸಿ. ಅನೇಕ ವೇಳೆ ಬಣ್ಣ ಅಕ್ಷರವನ್ನು ದಾಟಿ ಮರದ ನಾರಿನುದ್ದಕ್ಕೂ ಹರಡಿಕೊಂಡಿರುತ್ತದೆ. ಎರಡೂ ಮರವೇ. ಒಂದರಲ್ಲಿ ಬಣ್ಣ ನಿಂತಿತು, ಇನ್ನೊಂದರಲ್ಲಿ ಹರಿಯಿತು. ಹೀಗೇಕೆ?

ಬಣ್ಣ ನಿಲ್ಲಬೇಕಾದರೆ ಎರಡು ವಸ್ತುಗಳು ಬೇಕು. ಒಂದು, ಬಣ್ಣ ಕೊಡುವ ಪದಾರ್ಥ. ಇನ್ನೊಂದು, ಅದನ್ನು ಹಿಡಿದಿಡುವ ಪದಾರ್ಥ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ರೇಷ್ಮೆ ಎಳೆ ಬಣ್ಣವನ್ನು ತನ್ನೊಳಗೇ ಎಳೆದುಕೊಂಡು ಹಿಡಿದಿಡುತ್ತದೆ. ಮರ ಹಾಗಲ್ಲ. ಅದು ನೀರನ್ನು ಕುಡಿಯುವಂತೆ ಬಣ್ಣವನ್ನೂ ಕುಡಿಯುತ್ತದೆ, ಆದರೆ ನಾವು ಹೇಳಿದ ಕಡೆ ನಿಲ್ಲಿಸುವುದಿಲ್ಲ. ಚನ್ನಪಟ್ಟಣದ ಕುಶಲಕರ್ಮಿ ಈ ತೊಡಕನ್ನು ಬಗೆಹರಿಸಿಕೊಂಡದ್ದು ಅರಗಿನಿಂದ.

ಅರಗು ಎಂದರೆ ಮಹಾಭಾರತದ ಅರಗಿನ ಮನೆ ನೆನಪಾಗುತ್ತದೆಯಲ್ಲವೇ? ಅದೇ ಅರಗು. ಮುತ್ತುಗ, ಎಲಚಿ ಮುಂತಾದ ಮರಗಳ ಎಳೆಯ ಕೊಂಬೆಗಳ ಮೇಲೆ ಗುಂಪಾಗಿ ಕೂತು ರಸ ಹೀರುವ ಅತಿ ಚಿಕ್ಕ ಕೀಟಗಳು ತಮ್ಮ ಮೈಯಿಂದ ಒಸರುವ ರಾಳ ಇದು. ನಮ್ಮ ದೇಶದಲ್ಲಿ ಜಾರ್ಖಂಡ್ ಇದರ ಮುಖ್ಯ ನೆಲೆ. ಜಪಾನಿನ ಪ್ರಸಿದ್ಧ ಮೆರುಗಿನ ಪಾತ್ರೆಗಳಿಗೆ ಬಳಸುವುದು ಮಾತ್ರ ಅರಗಲ್ಲ, ಅದು ಒಂದು ಮರದ ಹಾಲು. ಅದು ಗಾಳಿಯ ತೇವದಲ್ಲಿ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ನಮ್ಮ ಅರಗು ಬಿಸಿಯಾದರೆ ಮೆತ್ತಗಾಗಿ, ತಣಿದರೆ ಮತ್ತೆ ಗಟ್ಟಿಯಾಗುತ್ತದೆ. ಸುಮಾರು 75ರಿಂದ 80 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅದನ್ನು ಕರಗಿಸಲು ಸಾಕು. ಇಡೀ ಕಸುಬು ನಿಂತಿರುವುದು ಈ ಒಂದು ಗುಣದ ಮೇಲೆ.

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳು ಈ ವಿದ್ಯೆಯನ್ನು ಇಲ್ಲಿ ಕಲಿಸಿದರೆಂದು ಪ್ರತೀತಿ. ಅವರ ಮೆಚ್ಚಿನ ಮರ ಆಲೆ. ದಂತದಂತೆ ಬಿಳುಪು, ನಾರು ನುಣುಪು, ಕೊರೆಯಲು ಮೃದು. ಸಸ್ಯಶಾಸ್ತ್ರಜ್ಞರು ಇದನ್ನು ರೈಟಿಯಾ ಟಿಂಕ್ಟೋರಿಯಾ ಎನ್ನುತ್ತಾರೆ. ಎರಡನೆಯ ಪದಕ್ಕೆ ಬಣ್ಣಗಾರಿಕೆಗೆ ಒದಗುವುದು ಎಂದರ್ಥ, ಏಕೆಂದರೆ ಇದರ ಎಲೆಯಿಂದ ನೀಲಿ ತೆಗೆಯುತ್ತಿದ್ದರು. ಬಣ್ಣದ ಊರಿಗೆ ಬಣ್ಣದ ಹೆಸರಿನ ಮರವೇ ಒದಗಿದೆ! ಕಡಿದ ಮರವನ್ನು ಕೆಲವು ತಿಂಗಳು ಒಣಗಿಸಿ, ತುಂಡರಿಸಿ, ಲೇತ್‌ಗೆ ಸಿಕ್ಕಿಸಿ ಉಳಿಯಿಂದ ರೂಪ ಕೊಡುತ್ತಾರೆ.

ಮುಂದಿನ ಹಂತವನ್ನು ನೀವು ನಿಂತು ನೋಡಬೇಕು. ಅರಗನ್ನು ಮೊದಲೇ ಕಾಯಿಸಿ, ಬಣ್ಣ ಬೆರೆಸಿ, ನಾದಿ, ಎಳೆದು ಕಡ್ಡಿ ಮಾಡಿಟ್ಟಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಒಲೆಯೂ ಇಲ್ಲ, ಬೆಂಕಿಯೂ ಇಲ್ಲ. ಚಳಿಯಲ್ಲಿ ಅಂಗೈಗಳನ್ನು ಉಜ್ಜಿದರೆ ಬಿಸಿಯಾಗುತ್ತವಲ್ಲ, ಅದೇ ಘರ್ಷಣೆಯ ಶಾಖ ಇಲ್ಲಿ ಅರಗನ್ನು ಕರಗಿಸುತ್ತದೆ. ಕರಗಿದ ಅರಗು ಮರದ ಸೂಕ್ಷ್ಮ ರಂಧ್ರಗಳಿಗೆ ಇಳಿದು, ತಣಿದು, ಬೇರು ಬಿಟ್ಟಂತೆ ನಿಲ್ಲುತ್ತದೆ. ಅನಂತರ ತಾಳೆಗರಿಯನ್ನು, ಅಂದರೆ ಕೇದಗೆ ಜಾತಿಯ ಗಿಡದ ಎಲೆಯನ್ನು, ತಿರುಗುವ ಮರದ ಮೇಲೆ ಒತ್ತಿದರೆ ಅರಗು ಸಮನಾಗಿ ಹರಡಿ ಕನ್ನಡಿಯಂಥ ಹೊಳಪು ಬರುತ್ತದೆ. ಬಣ್ಣ, ಅಂಟು, ಮೆರುಗು ಮೂರೂ ಒಂದೇ ಪದರದಲ್ಲಿ!

ಈ ವಿಧಾನಕ್ಕೆ ಒಂದು ಮಿತಿಯಿದೆ. ಘರ್ಷಣೆಗೆ ತಿರುಗಣೆ ಬೇಕು, ಆದ್ದರಿಂದ ವಸ್ತು ಉರುಟಾಗಿರಬೇಕು. ಚನ್ನಪಟ್ಟಣದ ಗೊಂಬೆಗಳೆಲ್ಲ ಗುಂಡು ತಲೆ, ಗುಂಡು ಹೊಟ್ಟೆಯವು ಏಕೆಂದು ಈಗ ತಿಳಿಯಿತಲ್ಲವೇ? ಆ ರೂಪವನ್ನು ಕೊಟ್ಟದ್ದು ಕಲಾವಿದನ ಕಲ್ಪನೆ ಮಾತ್ರವಲ್ಲ, ಲೇತ್ ಕೂಡ. ಚಪ್ಪಟೆ ಹಲಗೆಗೆ, ಕೊರೆದ ಅಕ್ಷರದ ತಗ್ಗಿಗೆ ಅರಗಿನ ಕಡ್ಡಿ ತಲುಪಲಾರದು.

ಲೇಸರ್ ಯಂತ್ರ ಕೆಲಸ ಮಾಡುವುದೋ ಸರಿಯಾಗಿ ಅಂಥ ಜಾಗದಲ್ಲಿ. ಮರ ಕೊರೆಯಲು ಬಹುವಾಗಿ ಬಳಸುವುದು ಕಾರ್ಬನ್ ಡೈ ಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಕಂಡುಹಿಡಿದವರು ಪುಣೆಯಲ್ಲಿ ಓದಿದ ನಮ್ಮವರೇ ಆದ ಕುಮಾರ್ ಪಟೇಲ್. ಅದರ ಕಿರಣದ ತರಂಗದೂರ 10.6 ಮೈಕ್ರೋಮೀಟರ್. ಕಣ್ಣಿಗೆ ಕಾಣದ ಈ ಅವಕೆಂಪು ಕಿರಣವನ್ನು ಮರ ಚೆನ್ನಾಗಿ ಹೀರಿಕೊಳ್ಳುತ್ತದೆ. ಕಿರಣ ಬಿದ್ದ ಚುಕ್ಕೆ ಕ್ಷಣಾರ್ಧದಲ್ಲಿ ಸುಟ್ಟು ಆವಿಯಾಗಿ, ತಗ್ಗು ಉಳಿಯುತ್ತದೆ. ಆದರೆ ಲೇಸರ್ ಮರಕ್ಕೆ ಕೊಡಬಲ್ಲದ್ದು ಕಂದು ಮತ್ತು ಕಪ್ಪು ಮಾತ್ರ, ಅದೂ ಸುಟ್ಟ ಮರದ ಬಣ್ಣವೇ. ಬೇರೆ ಬಣ್ಣ ಬೇಕಾದರೆ ಕೈಯಿಂದ ತುಂಬಬೇಕು.

ಬಣ್ಣ ಹರಡುವ ತೊಂದರೆ ಶುರುವಾಗುವುದು ಅಲ್ಲಿ. ಮರದ ನಾರು ಎಂದರೆ ಒಂದರ ಪಕ್ಕ ಒಂದು ಜೋಡಿಸಿಟ್ಟ ಕೂದಲೆಳೆಯಷ್ಟು ಸಣ್ಣ ಕೊಳವೆಗಳು. ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ ಅವು ತೆಳು ಬಣ್ಣವನ್ನು ಎಳೆಯುತ್ತವೆ. ಪಠ್ಯಪುಸ್ತಕದಲ್ಲಿ ನೀವು ಓದಿದ ಲೋಮನಾಳ ಕ್ರಿಯೆ ಇದು. ಜೊತೆಗೆ, ತಗ್ಗಿನಲ್ಲಿ ಮಸಿ ಉಳಿದಿದ್ದರೆ ಬಣ್ಣ ಅಂಟುವುದು ಮಸಿಗೆ, ಮರಕ್ಕಲ್ಲ. ಮಸಿ ಉದುರಿದಾಗ ಬಣ್ಣವೂ ಉದುರುತ್ತದೆ.

ಪರಿಹಾರ ಮತ್ತೆ ಅರಗಿನಲ್ಲೇ ಇದೆ. ಶುದ್ಧಗೊಳಿಸಿದ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಬಡಗಿಗಳು ಬಳಸುವ ಪಾಲಿಶ್ ಆಗುತ್ತದೆ. ಕೊರೆಯುವ ಮೊದಲು ಹಲಗೆಗೆ ಅದನ್ನು ಎರಡು ಸಲ ಬಳಿದು ಒಣಗಿಸಿ. ನಾರಿನ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಲೇಸರ್ ಈ ಪದರವನ್ನು ಸೀಳಿಕೊಂಡು ಅಕ್ಷರ ಕೊರೆಯುತ್ತದೆ. ಒಣ ಬ್ರಷ್ಷಿನಿಂದ ಮಸಿ ತೆಗೆದು, ತಗ್ಗಿನ ಗೋಡೆಗಳಿಗೂ ತೆಳುವಾಗಿ ಪಾಲಿಶ್ ಮುಟ್ಟಿಸಿ, ಒಣಗಿದ ಮೇಲೆ ದಪ್ಪನೆಯ ನೀರು ಬಣ್ಣ ತುಂಬಿ. ಮೇಲೆ ಚೆಲ್ಲಿದ್ದನ್ನು ಹಸಿಯಾಗಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ನುಣುಪಾದ ಮೇಲ್ಮೈಯಿಂದ ಬಣ್ಣ ಹೋಗಿಬಿಡುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಸ್ಪಿರಿಟ್ಟಿನಿಂದ ಮಾತ್ರ ಒರೆಸಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಬಣ್ಣದೊಡನೆ ಮೆರುಗೂ ಹೋಗುತ್ತದೆ. ಸಿದ್ಧವಾದ ಅರಗಿನ ಆಟಿಕೆಯ ಮೇಲೆಯೇ ಕೊರೆಯುವುದಾದರೆ ಕಿರಣದ ಶಕ್ತಿಯನ್ನು ತಗ್ಗಿಸಿ, ಮೊದಲು ಒಂದು ಹಾಳು ತುಂಡಿನ ಮೇಲೆ ಪ್ರಯತ್ನಿಸುವುದು ಲೇಸು. ಇಲ್ಲವಾದರೆ ಅಂಚಿನ ಅರಗು ಕರಗಿ ಉಬ್ಬುತ್ತದೆ.

ಇನ್ನು ಲೋಹದ ವಿಚಾರ. ಮರಕ್ಕೆ ಒಗ್ಗುವ ಆ ಕಿರಣವನ್ನು ಬರಿಯ ಲೋಹ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಪ್ರತಿಫಲಿಸಿಬಿಡುತ್ತದೆ. ಅದಕ್ಕೆ ಸುಮಾರು 1.06 ಮೈಕ್ರೋಮೀಟರ್ ತರಂಗದೂರದ ಫೈಬರ್ ಲೇಸರ್ ಬೇಕು. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಇದನ್ನು ಹದವಾಗಿ ಓಡಿಸಿದರೆ ಬಣ್ಣ ತುಂಬದೆಯೇ ಬಣ್ಣ ಮೂಡುತ್ತದೆ! ಶಾಖಕ್ಕೆ ಲೋಹದ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ ಬೆಳೆಯುತ್ತದೆ. ಪೊರೆಯ ಮೇಲ್ಗಡೆಯಿಂದಲೂ ತಳದಿಂದಲೂ ಮರಳಿದ ಬೆಳಕಿನ ಅಲೆಗಳು ಸೇರಿ, ಕೆಲವು ಬಣ್ಣಗಳು ಅಳಿದು ಕೆಲವು ಉಳಿಯುತ್ತವೆ. ಮಳೆಗಾಲದ ರಸ್ತೆಯಲ್ಲಿ ಎಣ್ಣೆ ಚೆಲ್ಲಿದಾಗ ಕಾಣುವ ಕಾಮನಬಿಲ್ಲಿಗೂ ಇದೇ ವ್ಯತಿಕರಣ ಕಾರಣ. ಕಮ್ಮಾರರಿಗೆ ಇದು ಹೊಸದೇನಲ್ಲ. ಉಕ್ಕಿಗೆ ಹದ ಕೊಡುವಾಗ ಹುಲ್ಲಿನ ಹಳದಿ, ನೇರಳೆ, ನೀಲಿ ಹೀಗೆ ಬಣ್ಣ ನೋಡಿಯೇ ಕಾವನ್ನು ಅಳೆಯುತ್ತಾರೆ. ಬೀದರಿನ ಬಿದರಿ ಕೆಲಸದಲ್ಲಿ ಲೋಹವನ್ನು ಕೊರೆದು ಬೆಳ್ಳಿ ಕೂರಿಸಿದ ಮೇಲೆ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ಸತು-ತಾಮ್ರದ ನೆಲವನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಹಾಗೆಯೇ ಬೆಳ್ಳಗೆ ಹೊಳೆಯುತ್ತದೆ.

ಮರದ ಆಟಿಕೆಗೆ ಹಿಂತಿರುಗೋಣ, ಏಕೆಂದರೆ ಅದನ್ನು ಕೂಸು ಬಾಯಿಗಿಡುತ್ತದೆ. ಅರಗಿನ ಜೊತೆ ಅರಿಸಿನದ ಹಳದಿ, ನೀಲಿಗಿಡದ ನೀಲಿ, ಎರಡೂ ಸೇರಿದ ಹಸಿರು ಇದ್ದರೆ ತಾಯಂದಿರಿಗೆ ನಿಶ್ಚಿಂತೆ. ಆದರೆ ಅದೇ ಗಿಲಕಿಯ ಮೇಲೆ ಲೇಸರ್‌ನಿಂದ ಮಗುವಿನ ಹೆಸರು ಕೊರೆದು, ಅಂಗಡಿಯಲ್ಲಿ ಸಿಕ್ಕ ಯಾವುದೋ ಎನಾಮಲ್ ತುಂಬಿದರೆ ಆ ನಿಶ್ಚಿಂತೆ ಉಳಿಯುವುದಿಲ್ಲ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಕಂಟಕ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಕೈಗಾರಿಕಾ ಬಣ್ಣಗಳಿಗೆ ಅದು ಅನ್ವಯಿಸುವುದಿಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿ ಪಡೆದ ಆಟಿಕೆಗಳ ಅಧಿಕೃತ ಬಳಕೆದಾರರಿಗೂ ವಿನಾಯಿತಿ ದೊರೆಯಿತು. ಚನ್ನಪಟ್ಟಣದ ಆಟಿಕೆಗೆ ಆ ಸೂಚಿ ಇದೆ. ಕಸುಬು ಉಳಿಯಲು ಈ ವಿನಾಯಿತಿ ಬೇಕೇ ಬೇಕು, ನನಗೆ ಅನುಮಾನವಿಲ್ಲ. ಆದರೆ ಪರೀಕ್ಷೆಯ ಹೊಣೆ ಆಗ ಬಣ್ಣ ಹಾಕುವವನ ಕೈಗೇ ಬಂದಂತಾಯಿತು.

ಮಾಗಡಿ, ಕನಕಪುರದ ಕಡೆಯಿಂದಲೂ ಐಟಿಐ, ಪಾಲಿಟೆಕ್ನಿಕ್ ಓದುವ ನಿಮ್ಮಲ್ಲಿ ಕೆಲವರು ನಾಳೆ ಇಂಥ ಯಂತ್ರದ ಮುಂದೆ ಕೂರಬಹುದು. ಬಣ್ಣದ ಡಬ್ಬಿ ತೆರೆಯುವ ಮುನ್ನ ಅದರ ಮೇಲೆ ಆಟಿಕೆಗೆ ಯೋಗ್ಯವೆಂದು ಬರೆದಿದೆಯೇ ಎಂದು ಓದಿ. ಮುಚ್ಚಳ ತೆರೆದಿಟ್ಟು ಯಂತ್ರ ಓಡಿಸಬೇಡಿ, ಆ ತರಂಗದೂರಕ್ಕೆ ತಕ್ಕ ಕನ್ನಡಕ ಹಾಕಿಕೊಳ್ಳಿ. ಲೋಹದ ಲೇಸರ್‌ನ ಕಿರಣ ಕಾಣಿಸುವುದಿಲ್ಲ, ನೇರ ಅಕ್ಷಿಪಟಲಕ್ಕೆ ಹೋಗುತ್ತದೆ. ಪಿವಿಸಿ ಹಾಳೆಯನ್ನು ಯಂತ್ರದೊಳಗೆ ಇಡಲೇಬೇಡಿ. ಅದು ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶವನ್ನೂ ಯಂತ್ರವನ್ನೂ ತಿನ್ನುತ್ತದೆ.