ಕುಂಬಳಕಾಯಿ ಪಲ್ಯಕ್ಕೆ ಹುಣಸೆಹುಳಿ ಯಾವಾಗ?

ಭೀಮಾ–ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ದತ್ತನ ಭಕ್ತರು ಐದು ಮನೆ ಮಧುಕರಿ ಭಿಕ್ಷೆ ಬೇಡುತ್ತಾರೆ. ದತ್ತನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಗಳು ಇಲ್ಲಿದ್ದ 15ನೇ ಶತಮಾನದಲ್ಲಿ ಊರಿನ ಯಾವ ಮನೆಯಲ್ಲೂ ಸಿಹಿಗುಂಬಳದ ಪಲ್ಯ ಬೆಂದಿರಲಾರದು. ಬೂದುಗುಂಬಳ ನಮ್ಮ ಏಷ್ಯಾದ್ದೇ. ಹೊಟ್ಟೆಯೊಳಗೆ ಕೇಸರಿ ಬಣ್ಣದ ಈ ಕುಂಬಳ ಅಮೆರಿಕ ಖಂಡದ್ದು. ಮೆಕ್ಸಿಕೋದ ಓಹಾಕಾ ಕಣಿವೆಯ ಗುಹೆಯೊಂದರಲ್ಲಿ ಇದರ ಹತ್ತಿರದ ನೆಂಟನ ಸುಮಾರು 10,000 ವರ್ಷ ಹಳೆಯ ಬೀಜಗಳು ಸಿಕ್ಕಿವೆ. ಮೆಣಸಿನಕಾಯಿಯ ಹಾಗೆ ಇದೂ ಕೊಲಂಬಸನ ನಂತರವೇ ಕಡಲು ದಾಟಿದ್ದು.

ತಡವಾಗಿ ಬಂದರೂ ರೊಟ್ಟಿಯ ಪಕ್ಕ ಚೆನ್ನಾಗಿಯೇ ಕೂತಿದೆ. ಒಗ್ಗರಣೆ, ಹಸಿಮೆಣಸಿನಕಾಯಿ, ಹುಣಸೆಹುಳಿ, ಚೂರು ಬೆಲ್ಲ, ಮೇಲೆ ಶೇಂಗಾಪುಡಿ: ಇಷ್ಟರಲ್ಲಿ ಪಲ್ಯ ಮುಗಿಯುತ್ತದೆ. ಆದರೆ ಹುಳಿಯನ್ನು ಮೊದಲೇ ಸುರಿದರೆ ಹೋಳು ಬಹಳ ಹೊತ್ತು ಬೇಯಿಸಿದರೂ ಬಿರುಸಾಗಿಯೇ ಉಳಿಯುತ್ತದೆ. ಕಾರಣ ಪೆಕ್ಟಿನ್. ಗೋಡೆಯ ಕಲ್ಲುಗಳ ನಡುವಿನ ಗಾರೆಯಂತೆ ಇದು ಕಾಯಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುತ್ತದೆ. ಕುಂಬಳದ ರಸಕ್ಕೆ ಹುಳಿ ಕಡಿಮೆ; ಬಿಸಿ ತಾಗಿದಾಗ ಪೆಕ್ಟಿನ್ನಿನ ಉದ್ದನೆಯ ಸರಪಳಿಗಳು ತುಂಡಾಗಿ ನೀರಿಗೆ ಕರಗುತ್ತವೆ, ಕೋಶಗಳು ಬಿಡಿಬಿಡಿಯಾಗುತ್ತವೆ. ಅದನ್ನೇ ನಾವು ‘ಬೆಂತು’ ಅನ್ನುವುದು. ಹುಣಸೆಯ ಟಾರ್ಟಾರಿಕ್ ಆಮ್ಲ ಬಿದ್ದರೆ ಈ ತುಂಡಾಗುವ ಕೆಲಸ ನಿಧಾನವಾಗುತ್ತದೆ. ಬೇಳೆ ಬೇಯುವ ಮೊದಲೇ ಹುಳಿ ಹಾಕಿದರೆ ಕಲಬುರಗಿಯ ಒಳ್ಳೆಯ ತೊಗರಿಯೂ ಹಟ ಹಿಡಿಯುವುದು ಇದಕ್ಕೇ. ಹೋಳು ಸೌಟಿನ ಅಂಚಿಗೆ ಸುಲಭವಾಗಿ ತುಂಡಾದ ಮೇಲೆ ಹುಳಿ ಹಾಕಿ. ಆಗ ಅದೇ ಆಮ್ಲ ಉಪಕಾರ ಮಾಡುತ್ತದೆ, ಹೋಳು ಮುದ್ದೆಯಾಗದಂತೆ ಹಿಡಿದಿಡುತ್ತದೆ.

ಪಲ್ಯದ ಅಂಚಿನಲ್ಲಿ ತೇಲುವ ಎಣ್ಣೆಯನ್ನು ಗಮನಿಸಿ. ಅರಿಸಿನ ಹಾಕದಿದ್ದರೂ ಅದು ಹಳದಿಗೆ ತಿರುಗಿರುತ್ತದೆ. ಅದು ಬೀಟಾ ಕ್ಯಾರೊಟಿನ್. ನೀರಿಗೆ ಕರಗದು, ಎಣ್ಣೆಗೆ ಕರಗುತ್ತದೆ. ದೇಹ ಇದರಿಂದಲೇ ಎ ಜೀವಸತ್ವ ತಯಾರಿಸಿಕೊಳ್ಳುತ್ತದೆ, ಅದೂ ಜಿಪುಣತನದಿಂದ: ಆಹಾರದಲ್ಲಿನ ಸುಮಾರು 12 ಮೈಕ್ರೋಗ್ರಾಂ ಕ್ಯಾರೊಟಿನ್‌ಗೆ 1 ಮೈಕ್ರೋಗ್ರಾಂ ಎಂಬ ಲೆಕ್ಕ. ಬೇಯಿಸಿ, ಮೆತ್ತಗಾಗಿಸಿ, ಒಂದು ಚಮಚ ಕುಸುಬೆ ಎಣ್ಣೆಯ ಒಗ್ಗರಣೆ ಕೊಟ್ಟರೆ ಹೀರಿಕೆ ಹೆಚ್ಚುತ್ತದೆ. ಎಣ್ಣೆಯನ್ನೇ ಬಿಟ್ಟು ‘ಆರೋಗ್ಯಕ್ಕೆ’ ಬರೀ ಬೇಯಿಸಿದ ಕುಂಬಳ ತಿನ್ನುವವರು, ನನ್ನ ಮಟ್ಟಿಗೆ, ರುಚಿಯನ್ನೂ ಕಳೆದುಕೊಳ್ಳುತ್ತಾರೆ, ಬಣ್ಣದ ಫಲವನ್ನೂ.

ಕುಂಬಳದ ಸಿಹಿ ಪೂರಿ, ಅಂದರೆ ಘಾರ್ಗಿ, ಮಾಡುವವರಿಗೆ ಇನ್ನೊಂದು ಲೆಕ್ಕ ಗೊತ್ತು. ಕುಂಬಳದಲ್ಲಿ ಶೇ. 90ರಷ್ಟು ನೀರೇ. ತುರಿದು ಬೆಲ್ಲದೊಂದಿಗೆ ಬೇಯಿಸಿದರೆ ಗೋಧಿಹಿಟ್ಟು ಕಲಸಲು ಬೇರೆ ನೀರು ಬೇಡ. ಇದಕ್ಕೆ ಹೊಸ ಕಾಯಿಗಿಂತ ಕೆಲವು ವಾರ ಇಟ್ಟ ಕಾಯಿ ಮೇಲು. ಕೊಯ್ದ ಮೇಲೂ ಒಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಲೇ ಇರುತ್ತವೆ. ತೊಟ್ಟು ಮುರಿಯದ ಕಾಯಿ ಆರಿಸಿ. ಕೊಳೆ ಹೆಚ್ಚಾಗಿ ಆ ಗಾಯದಿಂದಲೇ ನುಗ್ಗುತ್ತದೆ. ಇಡೀ ಕಾಯಿಗೆ ಫ್ರಿಜ್ ಬೇಡ, 10 ಡಿಗ್ರಿಗಿಂತ ತಣ್ಣಗಾದರೆ ಅದು ಕೆಡುತ್ತದೆ. ಗಾಣಗಾಪುರದ ಕಡೆ ಚಳಿಗಾಲದಲ್ಲಿ ಮನೆಯ ತಂಪು ಮೂಲೆಯೇ ಸಾಕು. 40 ಡಿಗ್ರಿ ದಾಟುವ ಬೇಸಿಗೆಗೆ ಕೂಡಿಡುವ ಆಸೆ ಬೇಡ.

ಹೆಚ್ಚುವಾಗ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಅಪರೂಪಕ್ಕೆ ಕಹಿ ಕಾಯಿ ಸಿಗುತ್ತದೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಬೇಯಿಸಿದರೂ ಹೋಗುವುದಿಲ್ಲ, ಬೆಲ್ಲ ಹಾಕಿದರೆ ಮರೆಯಾಗುತ್ತದೆ ಅಷ್ಟೆ. ವಾಂತಿ, ಭೇದಿ ತರಿಸಬಲ್ಲದು. ಅಂಥ ಕಾಯಿಯನ್ನು ಪೂರ್ತಿ ತಿಪ್ಪೆಗೆ ಹಾಕಿಬಿಡಿ.