ತರಿ ಹೋಯಿತು, ಖುಷ್ಕಿ ಉಳಿಯಿತು

ಬಿ.ಎಸ್.ಎನ್.ಎಲ್. ಎಂದು ಜನರು ಕರೆಯುವ ಭಾರತ ಸಂಚಾರ ನಿಗಮವು ನಷ್ಟದ ಸಂಸ್ಥೆಯೆಂದು ಹೇಳಿ ಮಾತು ಮುಗಿಸುವವರು ಬಹುಮಂದಿಯಿದ್ದಾರೆ. ಆ ನಷ್ಟದ ಮೂಲವನ್ನು ವಿಚಾರಿಸುವವರು ವಿರಳ.

1850ರಲ್ಲಿ ಕಲಕತ್ತೆಯಿಂದ ಡೈಮಂಡ್ ಹಾರ್ಬರಿನ ಕಡೆಗೆ ಎಳೆದ ತಂತಿಯೇ ಈ ವಂಶದ ಮೂಲ. ಕಂಪೆನಿ ಸರಕಾರವು ತಂತಿಯನ್ನು ದೇಶದಲ್ಲಿ ಹಬ್ಬಿಸಿದ್ದು ಮುಖ್ಯವಾಗಿ ತನ್ನ ಆಳಿಕೆಯ ಭದ್ರತೆಗಾಗಿ. 1857ರಲ್ಲಿ ಅದು ಯಾರ ಕೈಯ ಆಯುಧವಾಯಿತೆಂಬುದು ಸರ್ವವಿದಿತ. ಸ್ವಾತಂತ್ರ್ಯಾನಂತರ ಅದು ಪ್ರಜೆಗಳ ಸೊತ್ತಾಯಿತು. 1948ರಲ್ಲಿ ಬೆಂಗಳೂರಿನಲ್ಲಿ ದೂರವಾಣಿ ಯಂತ್ರಗಳ ಕಾರ್ಖಾನೆಯೂ ಸ್ಥಾಪಿತವಾಯಿತು. ಆದರೂ ಒಂದು ದೂರವಾಣಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವನ್ನು ವಾಚಕರು ಮರೆತಿರಲಾರರು. ಇಲಾಖೆಯ ಆ ಜಡತ್ವವನ್ನು ನಾವು ಸಮರ್ಥಿಸುವುದಿಲ್ಲ.

1985ರಲ್ಲಿ ದೂರಸಂಪರ್ಕವು ಅಂಚೆಯಿಂದ ಬೇರ್ಪಟ್ಟಿತು. ಮರುವರ್ಷವೇ ಮತ್ತೊಂದು ಪಾಲುಪಾರಿಕತ್ತು ನಡೆದು, ದೆಹಲಿ ಮುಂಬಯಿಗಳ ದೂರವಾಣಿಯು ಮಹಾನಗರ ನಿಗಮಕ್ಕೂ, ವಿದೇಶ ಸಂಪರ್ಕವು ವಿದೇಶ ಸಂಚಾರ ನಿಗಮಕ್ಕೂ ಹೋಯಿತು. ಮೇಲುತರದ ತರಿಯು ಹೀಗೆ ಕೈಬಿಟ್ಟ ಮೇಲೆ, 2000ನೆಯ ಇಸವಿ ಅಕ್ಟೋಬರ್ 1ರಂದು ಕಾರ್ಯಾರಂಭ ಮಾಡಿದ ಭಾರತ ಸಂಚಾರ ನಿಗಮದ ಪಾಲಿಗೆ ಉಳಿದ ಪಟ್ಟಣಗಳೊಡನೆ ಕಾಡು, ಬೆಟ್ಟ, ಗಡಿ, ಹಳ್ಳಿಗಳ ಖುಷ್ಕಿಯೆಲ್ಲವೂ ಬಂದಿತು. ಆದರೂ ಅದು ಮೊದಲ ವರ್ಷಗಳಲ್ಲಿ ಲಾಭವನ್ನೇ ಗಳಿಸಿತು.

ಅನಂತರದ ಕಥೆ ಶೋಚನೀಯ. ಹಳ್ಳಿಯ ಸೇವೆಯ ಕೊರತೆ ತುಂಬಲು ಇತರ ಕಂಪೆನಿಗಳಿಂದ ದೊರೆಯುತ್ತಿದ್ದ ಪರಿಹಾರವು 2008ರಲ್ಲಿ ನಿಂತಿತು. 2010ರಲ್ಲಿ, ತಾನು ಕೂಗದ ಹರಾಜಿನ ಬೆಲೆಯನ್ನು ನಿಗಮವು ತರಂಗಾಂತರಕ್ಕಾಗಿ ತೆರಬೇಕಾಯಿತು. ಖಾಸಗಿಯವರು 2012ರಲ್ಲೇ ಆರಂಭಿಸಿದ 4ಜಿ ಸೇವೆಗೆ ನಿಗಮಕ್ಕೆ ತರಂಗಾಂತರ ಕೊಡುವ ನಿರ್ಧಾರವಾದದ್ದು 2019ರಲ್ಲಿ! ಮರುವರ್ಷ ಜನವರಿಯಲ್ಲಿ ಸುಮಾರು 78,000 ನೌಕರರು ಸ್ವಯಂನಿವೃತ್ತರಾಗಿ ಹೊರನಡೆದರು. ಪುನರುಜ್ಜೀವನಕ್ಕೆಂದು 2019ರಲ್ಲಿ ಸುಮಾರು 69,000 ಕೋಟಿ, 2022ರಲ್ಲಿ 1.64 ಲಕ್ಷ ಕೋಟಿ, 2023ರಲ್ಲಿ 89,000 ಕೋಟಿ ರೂಪಾಯಿಗಳ ಯೋಜನೆಗಳು ಮಂಜೂರಾದವು. ಪೈರು ಒಣಗಿದ ಮೇಲೆ ಕೆರೆಯ ತೂಬೆತ್ತಿದಂತಾಯಿತು.

2025ರ ಸೆಪ್ಟೆಂಬರ್ 27ರಂದು ನಿಗಮದ ಸ್ವದೇಶಿ 4ಜಿ ವ್ಯವಸ್ಥೆಯು ಲೋಕಾರ್ಪಣೆಯಾಯಿತು. ಬೆಂಗಳೂರಿನ ತೇಜಸ್ ಸಂಸ್ಥೆಯ ಯಂತ್ರಗಳು ಅದರಲ್ಲಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ಸ್ವದೇಶಿ ಯಂತ್ರವೊಂದರಿಂದಲೇ ಸಂಸ್ಥೆಯು ಬದುಕಲಾರದು. ಗಡಿಯಲ್ಲಿಯೂ ಗಿರಿಯಲ್ಲಿಯೂ ಸೇವೆ ನಡೆಯಬೇಕೆಂದರೆ, ಅದರ ವೆಚ್ಚವನ್ನು ಸರಕಾರವು ತನ್ನದೆಂದು ಬಹಿರಂಗವಾಗಿ ಒಪ್ಪಿ ವರ್ಷವರ್ಷವೂ ಸಲ್ಲಿಸಲಿ. ಉಳಿದ ವ್ಯಾಪಾರದ ಲಾಭನಷ್ಟಕ್ಕೆ ನಿಗಮದ ಅಧಿಕಾರಿಗಳನ್ನು ಹೊಣೆ ಮಾಡಲಿ. ಸೇವೆಯ ಭಾರವನ್ನು ಹೊರಿಸಿ, ವ್ಯಾಪಾರದ ಲೆಕ್ಕವನ್ನು ಮಾತ್ರ ಕೇಳುವುದು ನ್ಯಾಯವಲ್ಲ.