ಗಣಕದೊಳಗಿನ ಹಾಜರಿಪಟ್ಟಿ

ಯಕ್ಷಗಾನ ಪ್ರಸಂಗದ ಪುಸ್ತಕವು ಕಪಾಟಿನಲ್ಲಿರುವಾಗ ಅದೊಂದು ಪಠ್ಯ ಮಾತ್ರ. ಭಾಗವತರು ಪದವೆತ್ತಿದಾಗ ಅದು ಪ್ರಯೋಗವಾಗುತ್ತದೆ. ಒಂದೇ ಪ್ರಸಂಗವು ಒಂದೇ ರಾತ್ರಿ ಎರಡು ಊರುಗಳಲ್ಲಿ ನಡೆದರೆ ಪಠ್ಯ ಒಂದು, ಪ್ರಯೋಗ ಎರಡು. ಗಣಕಶಾಸ್ತ್ರದ ಪ್ರೋಗ್ರಾಂ ಮತ್ತು ಪ್ರೊಸೆಸ್ ಎಂಬ ಪದಗಳ ನಡುವಿನ ಅಂತರವೂ ಇಂಥದೇ. ಡಿಸ್ಕಿನಲ್ಲಿ ಬರೆದಿಟ್ಟ ಆದೇಶಗಳ ಸಮೂಹವು ಪ್ರೋಗ್ರಾಂ. ಅದೇ ಆದೇಶಗಳು ಗಣಕದ ಸ್ಮೃತಿಗೆ ಬಂದು ನಡೆಯತೊಡಗಿದಾಗ ಅದು ಪ್ರೊಸೆಸ್.

ನಡೆಯುತ್ತಿರುವ ಪ್ರತಿಯೊಂದು ಪ್ರೊಸೆಸ್‌ನ ಲೆಕ್ಕವನ್ನೂ ಕಾರ್ಯಾಚರಣ ವ್ಯವಸ್ಥೆಯು ಇಟ್ಟಿರುತ್ತದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಅದನ್ನು ಹುಟ್ಟಿಸಿದ ಮಾತೃ ಪ್ರೊಸೆಸ್‌ನ ಸಂಖ್ಯೆ, ಒಡೆತನ ಹೊಂದಿದ ಬಳಕೆದಾರ, ಬಳಸುತ್ತಿರುವ ಸ್ಮೃತಿಯ ಪ್ರಮಾಣ, ಈಗಿನ ಸ್ಥಿತಿ ಇವೆಲ್ಲ ಅದರಲ್ಲಿ ದಾಖಲಾಗಿರುತ್ತವೆ. ಯೂನಿಕ್ಸ್ ಪರಂಪರೆಯಲ್ಲಿ ಈ ಪಟ್ಟಿಯನ್ನು ತೋರಿಸುವ ಆದೇಶ ‘ಪಿಎಸ್’, ವಿಂಡೋಸ್‌ನಲ್ಲಿ ‘ಟಾಸ್ಕ್‌ಲಿಸ್ಟ್’. ಲಿನಕ್ಸ್‌ನಲ್ಲಿ ‘ಪ್ರಾಕ್’ ಎಂಬ ಕಡತಕೋಶವಿದ್ದು, ಅದರೊಳಗೆ ಪ್ರತಿ ಪ್ರೊಸೆಸ್‌ಗೂ ಅದರ ಸಂಖ್ಯೆಯನ್ನೇ ಹೆಸರಾಗಿ ಪಡೆದ ಒಂದೊಂದು ಉಪಕೋಶವಿರುತ್ತದೆ. ‘ಪಿಎಸ್’ ಇವುಗಳನ್ನು ಓದಿಯೇ ಪಟ್ಟಿಯನ್ನು ಸಿದ್ಧಪಡಿಸುತ್ತದೆ.

ಇದುವರೆಗೆ ಈ ಪಟ್ಟಿಯನ್ನು ಓದುತ್ತಿದ್ದವರು ಮುಖ್ಯವಾಗಿ ಗಣಕದ ನಿರ್ವಾಹಕರು. ಈಗ ಕೃತಕ ಬುದ್ಧಿಮತ್ತೆಯ ಏಜೆಂಟುಗಳೂ ಅದನ್ನು ಓದತೊಡಗಿವೆ. ಏಜೆಂಟಿನ ಹಿಂದಿರುವ ಭಾಷಾ ಮಾದರಿಗೆ ಗಣಕವನ್ನು ನೇರವಾಗಿ ಕಾಣುವ ಕಣ್ಣಿಲ್ಲ. ಅದು ಪಠ್ಯವನ್ನು ಪಡೆದು ಪಠ್ಯವನ್ನು ಕೊಡಬಲ್ಲುದು. ಆದುದರಿಂದ ಅದಕ್ಕೆ ಕೆಲವು ಸಾಧನಗಳನ್ನು ಒದಗಿಸಲಾಗುತ್ತದೆ. ಪ್ರತಿ ಸಾಧನಕ್ಕೂ ಒಂದು ಹೆಸರು, ಸಾಮಾನ್ಯ ಭಾಷೆಯಲ್ಲಿ ಬರೆದ ಒಂದು ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ ಇರುತ್ತವೆ. ಮಾದರಿಯು ವಿವರಣೆಯನ್ನು ಓದಿ, ‘ಪ್ರೊಸೆಸ್‌ಗಳ ಪಟ್ಟಿ ಬೇಕು’ ಎಂಬ ಕೋರಿಕೆಯನ್ನು ನಿಗದಿತ ರೂಪದಲ್ಲಿ ಬರೆಯುತ್ತದೆ. ಬೇರೊಂದು ಪ್ರೋಗ್ರಾಂ ಅದನ್ನು ನಡೆಸಿ, ಫಲಿತಾಂಶವನ್ನು ಪಠ್ಯವಾಗಿ ಮರಳಿಸುತ್ತದೆ. ಇಂಥ ಜೋಡಣೆಗೆ ಸಮಾನ ನಿಯಮಗಳನ್ನು ಒದಗಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲನ್ನು ಆಂತ್ರೋಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿತು.

ಇಲ್ಲಿ ಓದುವಿಕೆಯ ಪ್ರಶ್ನೆಯೊಂದು ಎದುರಾಗುತ್ತದೆ. ಒಬ್ಬ ವಿದ್ಯಾರ್ಥಿನಿ ಲಿಬ್ರೆ ಆಫೀಸಿನಲ್ಲಿ ಪ್ರಬಂಧವನ್ನು ಬರೆಯುತ್ತಿದ್ದಾಳೆಂದು ಭಾವಿಸೋಣ. ಗಣಕ ನಿಧಾನವಾಯಿತೆಂದು ಅವಳು ಏಜೆಂಟಿನ ನೆರವನ್ನು ಕೇಳುತ್ತಾಳೆ. ಏಜೆಂಟ್ ತರಿಸಿದ ಪಟ್ಟಿಯಲ್ಲಿ ‘ಎಸ್‌ಆಫೀಸ್.ಬಿನ್’ ಎಂಬ ಪ್ರೊಸೆಸ್ ಹೆಚ್ಚು ಸ್ಮೃತಿಯನ್ನು ಬಳಸುತ್ತಿದೆ. ಸ್ಥಿತಿಯ ಅಂಕಣದಲ್ಲಿ ‘ಎಸ್’, ಅಂದರೆ ನಿದ್ರಾವಸ್ಥೆ, ಎಂದಿದೆ. ನಿದ್ರಿಸುತ್ತಿರುವುದು ನಿರುಪಯುಕ್ತವೆಂದು ಏಜೆಂಟ್ ತಿಳಿದರೆ ಅದು ತಪ್ಪು. ಪಟ್ಟಿಯಲ್ಲಿರುವ ಹೆಚ್ಚಿನ ಪ್ರೊಸೆಸ್‌ಗಳು ಯಾವಾಗಲೂ ನಿದ್ರಿಸುತ್ತಲೇ ಇರುತ್ತವೆ. ಇದಂತೂ ವಿದ್ಯಾರ್ಥಿನಿಯು ಮುಂದಿನ ವಾಕ್ಯವನ್ನು ಯೋಚಿಸುತ್ತಿರುವಾಗ ಅವಳ ಬೆರಳಿಗಾಗಿ ಕಾದಿರುವ ನಿದ್ರೆ. ಆ ಪ್ರೊಸೆಸ್ ಅವಳ ಪ್ರಬಂಧವೇ ಹೌದು. ಬಲವಂತವಾಗಿ ಕೊನೆಗೊಳಿಸಿದರೆ ಉಳಿಸಿರದ ಬರಹ ನಷ್ಟವಾಗಬಹುದು. ‘ಇದರಲ್ಲಿ ಉಳಿಸದ ಬರಹವಿದೆ’ ಎಂದು ತಿಳಿಸುವ ಅಂಕಣ ಪಟ್ಟಿಯಲ್ಲಿಲ್ಲ.

ಹೆಸರನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ಲಿನಕ್ಸ್ ಪ್ರೊಸೆಸ್‌ನ ಕಿರುಹೆಸರಿಗೆ 15 ಬೈಟ್‌ಗಳಷ್ಟೇ ಸ್ಥಳವನ್ನು ಕೊಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್‌ಗಳು ಬೇಕು. ವ್ಯಂಜನ, ವಿರಾಮಚಿಹ್ನೆಯಾದ ಹಲಂತ, ಅನುಸ್ವಾರ, ಸ್ವರಚಿಹ್ನೆ ಇವೆಲ್ಲ ಪ್ರತ್ಯೇಕ ಸಂಕೇತಗಳು. ಹೀಗಾಗಿ ಕನ್ನಡಕ್ಕೆ ದೊರೆಯುವುದು ಐದೇ ಸಂಕೇತಗಳ ಅವಕಾಶ. ‘ಗ್ರಂಥಾಲಯ’ ಎಂಬ ಹೆಸರಿನ ಪ್ರೋಗ್ರಾಂ ನಡೆಸಿದರೆ ಎಂಟು ಸಂಕೇತಗಳಲ್ಲಿ ಕೊನೆಯ ಮೂರು ಬಿದ್ದುಹೋಗಿ, ಪಟ್ಟಿಯಲ್ಲಿ ‘ಗ್ರಂಥ’ ಎಂದಷ್ಟೇ ಉಳಿಯುತ್ತದೆ. ಅದೂ ಅರ್ಥವುಳ್ಳ ಪದವಾದುದರಿಂದ ಲೋಪವು ಓದುಗನ ಗಮನಕ್ಕೇ ಬಾರದು.

ಆದುದರಿಂದ ಉತ್ತಮ ಸಾಧನವು ಕಿರುಹೆಸರಿನ ಜೊತೆಗೆ ಪೂರ್ಣ ಆದೇಶವಾಕ್ಯವನ್ನೂ ಕೊಡಬೇಕು. ಆದರೆ ಪ್ರೋಗ್ರಾಂ ಪ್ರಾರಂಭಿಸುವಾಗ ಕೆಲವರು ಗುಪ್ತಪದವನ್ನು ಆದೇಶವಾಕ್ಯದಲ್ಲಿಯೇ ಬರೆದಿರುತ್ತಾರೆ. ಅಂಥವನ್ನು ಮರೆಮಾಡಿ ಕೊಡುವುದೂ ಸಾಧನದ ಹೊಣೆ. ಇದಲ್ಲದೆ ಪಟ್ಟಿಯು ಒಂದು ಕ್ಷಣದ ಚಿತ್ರ. ಅದನ್ನು ಓದಿ ಮುಗಿಸುವಷ್ಟರಲ್ಲಿ ಒಂದು ಪ್ರೊಸೆಸ್ ಮುಗಿದು, ಅದರ ಸಂಖ್ಯೆ ಮುಂದೆ ಬೇರೊಂದಕ್ಕೆ ಸಲ್ಲಬಹುದು. ಸಂಖ್ಯೆಯ ಜೊತೆಗೆ ಪ್ರಾರಂಭದ ಸಮಯವನ್ನೂ ಹೋಲಿಸಿ ನೋಡಿದರೆ ಈ ಗೊಂದಲವನ್ನು ತಪ್ಪಿಸಬಹುದು.

ಇಂಥ ಕಾರಣಗಳಿಂದಲೇ ಪಟ್ಟಿಯನ್ನು ತೋರಿಸುವ ಸಾಧನವನ್ನೂ ಪ್ರೊಸೆಸ್ ಕೊನೆಗೊಳಿಸುವ ಸಾಧನವನ್ನೂ ಬೇರೆಬೇರೆಯಾಗಿ ಇಡುವುದು ಸುರಕ್ಷಿತ ಕ್ರಮ. ಮೊದಲನೆಯದು ಓದುವಿಕೆ, ಅದರಿಂದ ಯಾವ ಪ್ರೊಸೆಸ್ ಕೂಡ ನಿಲ್ಲುವುದಿಲ್ಲ. ಎರಡನೆಯದಕ್ಕೆ ಮನುಷ್ಯನ ಒಪ್ಪಿಗೆ ಅಗತ್ಯ. ಉಳಿಸದ ಪ್ರಬಂಧವಿದೆಯೇ ಎಂಬ ಸಂಗತಿಯು ಪಟ್ಟಿಯಿಂದ ತಿಳಿಯದು. ಅದನ್ನು ಬರೆಯುತ್ತಿರುವವಳನ್ನೇ ಕೇಳಬೇಕು.